ಟ್ರೇಲರಿನ ಬಂಕ್ ಹಲಗೆ ಬದಲಾಯಿಸುವವರೇ, ಕಾರ್ಪೆಟ್ ಸುತ್ತುವ ಮೊದಲು ಮರವನ್ನು ಕಣ್ಣಾರೆ ನೋಡಿ

ಅಲ್ಯೂಮಿನಿಯಂ ದೋಣಿ ಇಟ್ಟುಕೊಂಡಿರುವವರು, ಅದರ ಟ್ರೇಲರಿನ ಸವೆದ ಬಂಕ್ ಹಲಗೆಗಳನ್ನು (ದೋಣಿಯ ತಳ ಕೂರುವ, ಕಾರ್ಪೆಟ್ ಸುತ್ತಿದ ಮರದ ಹಲಗೆಗಳು) ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಿ. ನಾನು 560 ಡಾಲರ್ ಕೊಟ್ಟು ನನ್ನ ದೋಣಿಯ ತಳವನ್ನು ನಾನೇ ಹಾಳು ಮಾಡಿಸಿಕೊಂಡಿದ್ದೇನೆ. ಹೀಗೆ ಮೋಸ ಹೋದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ಮಿನೆಸೋಟದಲ್ಲಿ ನನ್ನ ಪರಿಚಯದ ಇನ್ನಿಬ್ಬರು ಕನ್ನಡಿಗರು ನನ್ನ ಮಾತು ಕೇಳಿಯೇ ಅದೇ ಅಂಗಡಿಗೆ ತಮ್ಮ ಟ್ರೇಲರ್ ಕೊಡುವವರಿದ್ದರು.

ನನ್ನದು 16 ಅಡಿಯ ಮೀನು ಹಿಡಿಯುವ ದೋಣಿ. ಅದನ್ನು ಹೊರುವ ಎರಡು ಬಂಕ್ ಹಲಗೆಗಳು ಕಾರ್ಪೆಟ್ಟಿನೊಳಗೇ ಕೊಳೆತು, ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿದ್ದವು. ಮೇ ತಿಂಗಳ ನಡುವಿನ ಶನಿವಾರ ವಾಲ್‌ಐ ಮೀನಿನ ಋತು ಆರಂಭವಾಗುತ್ತದೆ, ಅದಕ್ಕೂ ಮುಂಚಿನ ವಾರಗಳಲ್ಲಿ ಇಲ್ಲಿನ ದೋಣಿ ಅಂಗಡಿಗಳಲ್ಲಿ ಎಂಥ ನೂಕುನುಗ್ಗಲಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆ ಅವಸರದಲ್ಲಿಯೂ ನಾನು ಅಂಗಡಿಯವರಿಗೆ ಮೂರು ವಿಷಯಗಳನ್ನು ಬಿಡಿಸಿ ಹೇಳಿದ್ದೆ: ಹಲಗೆ ಸೀಡರ್ ಮರದ್ದೇ ಆಗಬೇಕು, ಹಳೆಯದರಂತೆ ಪೂರ್ತಿ 10 ಅಡಿ ಉದ್ದವಿರಬೇಕು, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. "ಎಲ್ಲವೂ ನೀವು ಹೇಳಿದಂತೆಯೇ ಆಗುತ್ತದೆ, ಚಿಂತೆ ಬಿಡಿ" ಎಂದರು. ನಾನು ಚಿಂತೆ ಬಿಟ್ಟೆ. ಬರೆದುಕೊಡಿ ಎಂದು ಕೇಳಲಿಲ್ಲ. ಅದೇ ನಾನು ಮಾಡಿದ ತಪ್ಪು.

ಟ್ರೇಲರ್ ವಾಪಸು ಬಂದಾಗ ನೋಡಲು ಬಹಳ ಚೆನ್ನಾಗಿತ್ತು. ಹೊಸ ಕಪ್ಪು ಕಾರ್ಪೆಟ್, ಮೂಲೆಗಳು ನೀಟಾಗಿ ಮಡಚಿದ್ದವು, ದೋಣಿ ಅದರ ಮೇಲೆ ಕೂತಿತ್ತು. ಕಾರ್ಪೆಟ್ ಸುತ್ತಿದ ಮೇಲೆ ಒಳಗಿರುವುದು ಯಾವ ಮರವೆಂದು ಯಾರಿಗೆ ತಾನೇ ತಿಳಿಯುತ್ತದೆ? ಹಣ ಕೊಟ್ಟು, ಕೈ ಕುಲುಕಿ, ಧನ್ಯವಾದ ಹೇಳಿ ಬಂದೆ. ಧನ್ಯವಾದ ಹೇಳಿದ್ದು ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಆಗಸ್ಟಿನ ಕೊನೆಯಲ್ಲಿ ಒಂದು ಭಾನುವಾರ ದೋಣಿಯನ್ನು ನೀರಿಗಿಳಿಸಿ, ಗೆಳೆಯರೊಬ್ಬರ ಕೈಗೆ ಹಗ್ಗ ಕೊಟ್ಟು, ಖಾಲಿ ಟ್ರೇಲರನ್ನು ಮೇಲಕ್ಕೆಳೆದು ನಿಲ್ಲಿಸಿದಾಗ ಒಂದು ಹಲಗೆಯ ಕಾರ್ಪೆಟ್ ನಡುವೆ ಹರಿದಿರುವುದು ಕಾಣಿಸಿತು. ಹರಿದ ಜಾಗದಲ್ಲಿ ಒಂದು ಸ್ಕ್ರೂವಿನ ತಲೆ ಹೊಳೆಯುತ್ತಿತ್ತು. ಬೋಲ್ಟಿನ ತಲೆ ಮರದೊಳಕ್ಕೆ ಇಳಿದು ಕೂರುವಂತೆ ಗುಳಿ ತೋಡಬೇಕು, ಇಲ್ಲವೇ ಹಲಗೆಯ ಕೆಳಗಿನಿಂದಲೇ ಬಿಗಿಯಬೇಕು. ಅವರು ಎರಡನ್ನೂ ಮಾಡದೆ ಸಾಧಾರಣ ಸ್ಕ್ರೂಗಳನ್ನು ಮೇಲಿನಿಂದ ಹೊಡೆದಿದ್ದರು. ನನಗೆ ಅನುಮಾನ ಬಂದು ಹಲಗೆಯ ತುದಿಯ ಕಾರ್ಪೆಟ್ ಮಡಿಕೆಯನ್ನು ಚಾಕುವಿನಿಂದ ಬಿಚ್ಚಿದೆ. ಸೀಡರಿನ ಕೆಂಚು ಬಣ್ಣವಿರಲಿಲ್ಲ. ಮರ ಹಸಿರು ಛಾಯೆಯದಾಗಿತ್ತು, ಅದರ ತುದಿಗೆ ಪ್ರೆಶರ್ ಟ್ರೀಟೆಡ್ (ಒತ್ತಡದಿಂದ ರಸಾಯನ ತುಂಬಿದ) ಮರಕ್ಕೆ ಕಾರ್ಖಾನೆಯಲ್ಲಿ ಹೊಡೆಯುವ ಪ್ಲಾಸ್ಟಿಕ್ ಚೀಟಿ ಹಾಗೆಯೇ ಅಂಟಿಕೊಂಡಿತ್ತು. ಅದನ್ನು ಕಿತ್ತು ಬಿಸಾಡುವ ತೊಂದರೆಯನ್ನೂ ಅವರು ತೆಗೆದುಕೊಂಡಿರಲಿಲ್ಲ. ಗ್ರಾಹಕ ಎಂದೂ ನೋಡುವುದಿಲ್ಲ ಎಂಬ ಅಷ್ಟು ಧೈರ್ಯ! ಗೆಳೆಯರು ಹಗ್ಗ ಹಿಡಿದುಕೊಂಡು ನೀರಿನಂಚಿನಲ್ಲಿ ನಿಂತಿದ್ದರು, ನನಗೆ ಅವರ ಮುಖ ನೋಡಲಾಗಲಿಲ್ಲ, ಏಕೆಂದರೆ ಏಪ್ರಿಲಿನಲ್ಲಿ ಅವರು "ಒಂದು ಶನಿವಾರ ಸಾಕು, ನಾವೇ ಮಾಡೋಣ" ಎಂದಾಗ ನಾನು ಬೇಡವೆಂದಿದ್ದೆ.

ಟೇಪ್ ಹಿಡಿದು ಅಳೆದರೆ ಹಲಗೆ 8 ಅಡಿ ಮಾತ್ರ. ಹಿಂದೆ ಒಂದು ಅಡಿ, ಮುಂದೆ ಒಂದು ಅಡಿ ಕಡಿಮೆ. ಎಂಜಿನ್ನಿನ ಪೂರ್ತಿ ಭಾರ ದೋಣಿಯ ಹಿಂಗೋಡೆಯ ಮೇಲೆ ಬೀಳುವುದರಿಂದ ಹಲಗೆಗಳು ಕಡೇಪಕ್ಷ ಆ ಗೋಡೆಯವರೆಗಾದರೂ ಬರಲೇಬೇಕು, ಇಲ್ಲದಿದ್ದರೆ ರಸ್ತೆಯ ಕುಲುಕಾಟದಲ್ಲಿ ತಳ ನಿಧಾನವಾಗಿ ಬಾಗುತ್ತದೆ. ನಾಲ್ಕು ತಿಂಗಳು ನನ್ನ ದೋಣಿಯ ಹಿಂಭಾಗ ಆಧಾರವಿಲ್ಲದೆ ನೇತಾಡುತ್ತಿತ್ತು.

ಇದೆಲ್ಲಕ್ಕಿಂತ ಕೆಟ್ಟದ್ದು ಮನೆಗೆ ಬಂದು ದೋಣಿಯನ್ನು ಎತ್ತಿ ನೋಡಿದಾಗ ಕಂಡಿತು. ಹಲಗೆ ತಾಗುತ್ತಿದ್ದ ಉದ್ದಕ್ಕೂ ಬಿಳಿ ಪುಡಿ ಹತ್ತಿತ್ತು, ಅದನ್ನು ಒರೆಸಿದರೆ ಅಡಿಯಲ್ಲಿ ಗುಂಡುಸೂಜಿಯ ತಲೆಯಷ್ಟು ದೊಡ್ಡ ಗುಳಿಗಳಿದ್ದವು. ಟ್ರೀಟೆಡ್ ಮರ ಕೊಳೆಯದಿರಲೆಂದು ಅದಕ್ಕೆ ತುಂಬುವ ರಸಾಯನದಲ್ಲಿ ತಾಮ್ರವಿರುತ್ತದೆ. ತಾಮ್ರ, ಅಲ್ಯೂಮಿನಿಯಂ, ನಡುವೆ ಸದಾ ಒದ್ದೆಯಾಗಿರುವ ಕಾರ್ಪೆಟ್ ಇವು ಸೇರಿದಾಗ ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಫೈಬರ್ ಗ್ಲಾಸ್ ದೋಣಿಗೆ ಈ ತೊಂದರೆಯಿಲ್ಲ. ನನ್ನ ದೋಣಿ ಅಲ್ಯೂಮಿನಿಯಂನದು ಎಂಬುದು ಅವರ ಕಣ್ಣೆದುರಿಗೇ ಇತ್ತು.

ಅವರ ಉತ್ತರಗಳನ್ನು ಕೇಳಿ. ಮೊದಲು ಬಂದ ಸಂದೇಶ: "ಆ ವಾರ ಸೀಡರ್ ಸಿಗಲಿಲ್ಲ, ಅದಕ್ಕಿಂತ ಗಟ್ಟಿಯಾದದ್ದನ್ನೇ ಹಾಕಿದ್ದೇವೆ." ಸಿಗದಿದ್ದರೆ ಒಂದು ಫೋನ್ ಮಾಡಬಹುದಿತ್ತಲ್ಲ, ನಾನು ಒಂದು ವಾರ ಕಾಯುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಎರಡು ದಿನದ ನಂತರ ನಾನೇ ಫೋನ್ ಮಾಡಿದರೆ, "ನಾವು 30 ವರ್ಷದಿಂದ ಟ್ರೀಟೆಡ್ ಮರವನ್ನೇ ಹಾಕುತ್ತಿದ್ದೇವೆ, ಯಾರೂ ದೂರಿಲ್ಲ" ಎಂದರು. 30 ವರ್ಷದ ಹಿಂದಿನ ಮರ ಈಗಿನ ಮರವಲ್ಲ. ಆಗ ಮರಕ್ಕೆ ತುಂಬುತ್ತಿದ್ದ ಆರ್ಸೆನಿಕ್ ಬೆರೆತ ರಸಾಯನವನ್ನು ಮನೆಬಳಕೆಯ ಮರಕ್ಕೆ ಹಾಕುವುದು 2003ರ ಕೊನೆಗೇ ನಿಂತುಹೋಯಿತು, ಅದರ ಜಾಗಕ್ಕೆ ಬಂದವುಗಳಲ್ಲಿ ತಾಮ್ರದ ಪಾಲು ಹೆಚ್ಚು, ಅಲ್ಯೂಮಿನಿಯಂಗೆ ಅವು ಇನ್ನೂ ಕೆಟ್ಟವು. ಇದನ್ನು ತಿಳಿದುಕೊಳ್ಳಬೇಕಾದದ್ದು ಇದೇ ಕೆಲಸದಿಂದ ಹೊಟ್ಟೆ ಹೊರೆಯುವ ಅವರೋ ಅಥವಾ ನಾನೋ? ಉದ್ದದ ಬಗ್ಗೆ ಕೇಳಿದರೆ, "ಎರಡು ಅಡಿಯಿಂದ ಏನೂ ಆಗುವುದಿಲ್ಲ" ಎಂದರು. ಗುಳಿಗಳ ಬಗ್ಗೆ ಕೇಳಿದರೆ, "ನೀವು ದೋಣಿಯನ್ನು ಉಪ್ಪುನೀರಿಗೆ ಇಳಿಸಿರಬೇಕು" ಎಂದರು. ಮಿನೆಸೋಟದಲ್ಲಿ ಉಪ್ಪುನೀರು! ಸುತ್ತ ಎಲ್ಲಿ ನೋಡಿದರೂ ಸಿಹಿನೀರಿನ ಕೆರೆಗಳೇ ಇರುವ ಈ ನಾಡಿನಲ್ಲಿ ನಿಂತು ನನಗೆ ಆ ಮಾತು ಹೇಳಿದರು. ಆ ಕ್ಷಣ ನನಗಾದ ಅವಮಾನ ಹಲಗೆಯ ಮೋಸಕ್ಕಿಂತ ದೊಡ್ಡದು.

ಹಣ ವಾಪಸು ಬಂದಿಲ್ಲ. ಕನ್ಸಿಲಿಯೇಷನ್ ಕೋರ್ಟಿಗೆ (ಸಣ್ಣ ಮೊತ್ತದ ದಾವೆಗಳ ಇಲ್ಲಿನ ನ್ಯಾಯಾಲಯ) ಹೋಗೋಣವೆಂದರೆ ಅವರು ಕೊಟ್ಟ ರಸೀದಿಯಲ್ಲಿ "ಬಂಕ್ ಹಲಗೆ ಬದಲಾವಣೆ, ಎರಡು" ಎಂದಷ್ಟೇ ಇದೆ. ಮರದ ಹೆಸರಿಲ್ಲ, ಉದ್ದವಿಲ್ಲ, ಸ್ಕ್ರೂವಿನ ಮಾತಂತೂ ಇಲ್ಲವೇ ಇಲ್ಲ. ಆದರೂ ಅರ್ಜಿ ಹಾಕುತ್ತೇನೆ, ಆ ಚೀಟಿಯಿರುವ ಹಲಗೆಯನ್ನು ಅದಕ್ಕಾಗಿಯೇ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ.

ಆದ್ದರಿಂದ ರಸೀದಿಯಲ್ಲಿ ಮರದ ಹೆಸರು, ಉದ್ದ, ಬೋಲ್ಟಿನ ಲೋಹ ಇವನ್ನು ಬರೆಸಿಕೊಳ್ಳದೆ ಒಂದು ಡಾಲರನ್ನೂ ಮುಂಗಡ ಕೊಡಬೇಡಿ. ಕಾರ್ಪೆಟ್ ಸುತ್ತುವ ಮೊದಲು ಹೋಗಿ ಹಲಗೆಯ ತುದಿ ನೋಡಿ, ಬರಬೇಡಿ ಎಂದರೆ ಟ್ರೇಲರನ್ನು ಅಲ್ಲಿಂದ ಎಳೆದುಕೊಂಡು ಬನ್ನಿ. ನಾನೂ ಗೆಳೆಯರೂ ಸೇರಿ ಸೀಡರ್ ಹಲಗೆ, ಸ್ಟೇನ್‌ಲೆಸ್ ಬೋಲ್ಟ್, ಹೊಸ ಕಾರ್ಪೆಟ್ ತಂದು ಒಂದೇ ಶನಿವಾರದಲ್ಲಿ ಹಾಕಿ ಮುಗಿಸಿದೆವು. ಗುಳಿ ಬಿದ್ದ ತಳವನ್ನು ಮಾತ್ರ ವೆಲ್ಡಿಂಗ್ ಮಾಡುವವರು ನೋಡಿ ಹೇಳಬೇಕು. ಈ ಭಾಗದಲ್ಲಿ ಟ್ರೇಲರ್ ಕೊಡುವವರಿದ್ದು, ಅದೇ ಅಂಗಡಿಯೋ ಏನೋ ಎಂಬ ಅನುಮಾನವಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ.