ವಿ.ಎ.ಡಿ. ಏಪ್ರನ್ನೋ, ಡಬ್ಲ್ಯೂ.ವಿ.ಎಸ್. ಕೋಟೋ?

ಬ್ರಿಟನ್ನಿನ ಯುದ್ಧಕಾಲದ ಸೇವಾಕಾರ್ಯಕರ್ತೆಯರ ಸಮವಸ್ತ್ರ ಸಂಗ್ರಹಿಸಲು ಹೊರಟವರಿಗೆ ಎರಡು ದಾರಿ: ಮೊದಲ ಮಹಾಯುದ್ಧದ ವಿ.ಎ.ಡಿ. (ವಾಲಂಟರಿ ಏಡ್ ಡಿಟ್ಯಾಚ್‌ಮೆಂಟ್, ಗಾಯಾಳುಗಳ ಶುಶ್ರೂಷೆಗೆ ನೆರವಾದ ಸ್ವಯಂಸೇವಕರ ದಳ), ಎರಡನೆಯದರ ಡಬ್ಲ್ಯೂ.ವಿ.ಎಸ್. (ವಿಮೆನ್ಸ್ ವಾಲಂಟರಿ ಸರ್ವಿಸಸ್, ಮಹಿಳಾ ಸ್ವಯಂಸೇವಾ ಸಂಸ್ಥೆ).

1909ರಲ್ಲಿ ಶುರುವಾದ ವಿ.ಎ.ಡಿ.ಯಲ್ಲಿ ರೆಡ್‌ಕ್ರಾಸ್ ಸದಸ್ಯೆಯರಿಗೆ ನೀಲಿ ಉಡುಪು, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯವರಿಗೆ ಬೂದು. ಆದರೆ ಎಲ್ಲರ ಕಣ್ಣು ಎದೆಯ ಮೇಲೆ ಕೆಂಪು ಶಿಲುಬೆ ಇರುವ ಬಿಳಿ ಏಪ್ರನ್ನಿನ ಮೇಲೆಯೇ. ಹಳೆಯ ಸಾದಾ ಏಪ್ರನ್ನಿಗೆ ಹೊಸ ಶಿಲುಬೆ ಹೊಲಿದಿರಬಹುದು, ಹುಷಾರು. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ: ಬಟ್ಟೆ ಮಂಕಾಗಿದ್ದು ಶಿಲುಬೆಯ ಅಂಚಿನ ದಾರ ಮಾತ್ರ ನೀಲಿಬಿಳುಪಾಗಿ ಹೊಳೆದರೆ ಆ ಹೊಲಿಗೆ ಈಚಿನದು. ಇಡೀ ಬಟ್ಟೆ ಹೊಳೆದರೆ ಗಾಬರಿ ಬೇಡ; ಈಗಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಹಾಗಾಗುತ್ತದೆ. ಗಂಜಿ ಉಳಿದರೆ ಹುಳು ಬೀಳುತ್ತದೆ, ಒಗೆಯಲೇಬೇಕು. ಅದಕ್ಕೂ ಮೊದಲು ಒದ್ದೆ ಬಿಳಿ ಅರಿವೆಯನ್ನು ಶಿಲುಬೆಯ ಮೂಲೆಗೆ ಒತ್ತಿ ನೋಡಿ. ಕೆಂಪು ಹತ್ತಿದರೆ ನೀರು ಮುಟ್ಟಿಸಬೇಡಿ, ಬಣ್ಣ ಬಿಟ್ಟು ಏಪ್ರನ್ನೇ ಹಾಳಾಗುತ್ತದೆ.

1938ರಲ್ಲಿ ಲೇಡಿ ರೀಡಿಂಗ್ ಕಟ್ಟಿದ ಡಬ್ಲ್ಯೂ.ವಿ.ಎಸ್.ನದು ಬೂದುಹಸಿರು ಟ್ವೀಡ್ ಸೂಟು, ಬೀಟ್‌ರೂಟ್ ಬಣ್ಣದ ಜಂಪರ್, ಫೆಲ್ಟ್ ಟೋಪಿ. ಇಲ್ಲಿ ತೊಡಕು ಕಾಲನಿರ್ಣಯದ್ದು, ಯುದ್ಧ ಮುಗಿದರೂ ಸಂಸ್ಥೆ ನಡೆದೇ ಇತ್ತು. ಬ್ಯಾಡ್ಜಿನಲ್ಲಿ 'ಡಬ್ಲ್ಯೂ.ಆರ್.ವಿ.ಎಸ್.' ಎಂದಿದ್ದರೆ ಅದು ಹೆಸರಿಗೆ 'ರಾಯಲ್' ಸೇರಿದ 1966ರ ನಂತರದ್ದು. 'ಸಿಸಿ41' ಗುರುತು (ಸರ್ಕಾರದ ಮಿತವ್ಯಯದ 'ಯುಟಿಲಿಟಿ' ಬಟ್ಟೆಯ ಮುದ್ರೆ) ಸಿಕ್ಕರೂ ಪೂರ್ತಿ ನಂಬಬೇಡಿ, ಅದು 1941ರಿಂದ 1952ರವರೆಗೂ ಚಾಲ್ತಿಯಲ್ಲಿತ್ತು. ಉಣ್ಣೆಗೆ ನುಸಿಯ ಕಾಟ: ಪಾಲಿಥೀನಿನಲ್ಲಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ.

ಧರಿಸಿದವಳ ಹೆಸರು ತಿಳಿಯಬೇಕೆನ್ನುವವರು ವಿ.ಎ.ಡಿ. ಆರಿಸಿಕೊಳ್ಳಿ. ಅವರಲ್ಲಿ ಹೊರದೇಶದಲ್ಲಿ ಸೇವೆ ಮಾಡಿದವರಿಗೆ ಸಿಕ್ಕ ಬ್ರಿಟಿಷ್ ವಾರ್ ಮೆಡಲಿನ ಅಂಚಿನಲ್ಲಿ ಹೆಸರು ಅಚ್ಚಾಗಿರುತ್ತದೆ, ಬ್ರಿಟಿಷ್ ರೆಡ್‌ಕ್ರಾಸ್ ಆನ್‌ಲೈನಿನಲ್ಲಿಟ್ಟಿರುವ ಸೇವಾ ಕಾರ್ಡಿನೊಂದಿಗೆ ತಾಳೆ ನೋಡಬಹುದು. ಡಬ್ಲ್ಯೂ.ವಿ.ಎಸ್.ನವರಿಗೆ ಸಿಕ್ಕ ಡಿಫೆನ್ಸ್ ಮೆಡಲಿನಲ್ಲಿ ಹೆಸರೇ ಇಲ್ಲ.