ಮಾಸ್ಕಾ, ಮೌತ್‌ಪೀಸಾ, ಮಗ್ಗುಲ ನಿದ್ದೆಯಾ? ಮೂರನ್ನೂ ಬಳಸಿ ನೋಡಿದೆ

ನನಗಿರುವುದು ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ. ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಸ್ಲೀಪ್ ಸ್ಟಡಿಯಲ್ಲಿ ನನ್ನ ಎಎಚ್‌ಐ 27 ಬಂತು. ಅಂದ್ರೆ ಗಂಟೆಗೆ 27 ಸಲ ಉಸಿರು ಪೂರ್ತಿ ನಿಂತಿದೆ, ಇಲ್ಲವೇ ತೀರಾ ಕಡಿಮೆಯಾಗಿದೆ, ಒಂದೊಂದು ಸಲವೂ ಕನಿಷ್ಠ 10 ಸೆಕೆಂಡ್. 5ರ ಒಳಗಿದ್ದರೆ ಸರಿ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನನ್ನು ನಿಜಕ್ಕೂ ಹೆದರಿಸಿದ್ದು ರಕ್ತದ ಆಮ್ಲಜನಕದ ಗೆರೆ. ಶೇಕಡಾ 79ಕ್ಕೆ ಇಳಿದು, ಏರಿ, ಮತ್ತೆ ಇಳಿದು, ರಾತ್ರಿಯಿಡೀ ಗರಗಸದ ಹಲ್ಲಿನ ಹಾಗೆ.

ಆ ಒಂದೊಂದು ಹಲ್ಲಿಗೂ ದೇಹ ಬೆಚ್ಚುತ್ತದೆ. ನಮಗೆ ಎಚ್ಚರವಾದದ್ದೇ ಗೊತ್ತಾಗುವುದಿಲ್ಲ, ಆದರೆ ಅಡ್ರಿನಲಿನ್ ಉಕ್ಕುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಜಿಗಿಯುತ್ತದೆ, ಇದೇ ವರ್ಷಗಟ್ಟಲೆ ನಡೆದರೆ ಹಗಲಲ್ಲೂ ಬಿಪಿ ಕೆಳಗಿಳಿಯುವುದಿಲ್ಲ. ನನಗೆ ಎರಡು ಮಾತ್ರೆ ನುಂಗಿಯೂ 146/92 ಇತ್ತು. ಮಾತ್ರೆಗೆ ಬಗ್ಗದ ಬಿಪಿ ಇರುವವರಲ್ಲಿ ಈ ಕಾಯಿಲೆ ತುಂಬಾ ಸಾಮಾನ್ಯ. ಎದೆ ಬಡಿತದ ತಾಳ ತಪ್ಪುವುದು, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಇವಕ್ಕೂ ಇದಕ್ಕೂ ನಂಟಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 18 ವರ್ಷ ಜನರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಆಪ್ನಿಯಾ ಇದ್ದವರಿಗೆ ಸಾವಿನ ಅಪಾಯ ಸುಮಾರು 3 ಪಟ್ಟು ಜಾಸ್ತಿ ಇತ್ತು. ಗೊರಕೆ ತಾನೇ ಅಂತ ಸುಮ್ನೆ ಬಿಡುವ ವಿಷಯ ಅಲ್ಲ ಇದು.

ಮೊದಲು ಸಿಪ್ಯಾಪ್, ಅಂದ್ರೆ ಮಾಸ್ಕಿಗೆ ಗಾಳಿ ಊದುವ ಮಷೀನ್. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಇದನ್ನು ಜಗತ್ತಿಗೆ ತಿಳಿಸಿದರು. ಮಾಸ್ಕ್ ಮೂಲಕ ಬರುವ ಗಾಳಿಯ ಒತ್ತಡ, ಕುಸಿಯುವ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ. ಮೊದಲ ವಾರವೇ ನನ್ನ ಎಎಚ್‌ಐ 3ಕ್ಕೆ ಬಂತು. ಆದರೂ ನಾಲ್ಕು ತಿಂಗಳಾದರೂ ಬಿಪಿ ಅಲ್ಲಾಡಲಿಲ್ಲ.

ಕಾರಣ ತಿಳಿಯಲು ತಡವಾಯಿತು. ಬೆಳಗಿನ ಜಾವ ಮೂರರ ಸುಮಾರಿಗೆ ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತಿಡುತ್ತಿದ್ದೆ. ಮಷೀನ್ ಲೆಕ್ಕ ಇಡುವುದು ಮಾಸ್ಕ್ ಮುಖದ ಮೇಲಿದ್ದಷ್ಟು ಹೊತ್ತು ಮಾತ್ರ, ಅಲ್ವಾ? ಹಾಗಾಗಿ ಪರದೆ ಮೇಲೆ 3 ಅಂತಲೇ ಕಾಣುತ್ತಿತ್ತು. ಕನಸಿನ ನಿದ್ದೆ ಜಾಸ್ತಿ ಬರುವುದು ರಾತ್ರಿಯ ಎರಡನೇ ಅರ್ಧದಲ್ಲಿ. ಆಗ ಸ್ನಾಯುಗಳು ಸಡಿಲವಾಗಿ ಗಂಟಲು ಇನ್ನೂ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಅಂದ್ರೆ ಮಾಸ್ಕ್ ಹೆಚ್ಚು ಬೇಕಾದ ಹೊತ್ತಲ್ಲೇ ಅದು ದಿಂಬಿನ ಪಕ್ಕ ಬಿದ್ದಿರುತ್ತಿತ್ತು. 2016ರಲ್ಲಿ ಬಂದ ಸೇವ್ ಅನ್ನುವ ದೊಡ್ಡ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಅಲ್ಲಿ ಜನ ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ನನ್ನದೂ ಹೆಚ್ಚುಕಡಿಮೆ ಅದೇ ಕಥೆ.

ಬೇಸತ್ತು ಮೌತ್‌ಪೀಸ್‌ಗೆ ಹೋದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುತ್ತಾರೆ, ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ, ನಾಲಗೆ ಹಿಂದೆ ಜಾರುವುದಿಲ್ಲ. ಸದ್ದಿಲ್ಲ, ಕೊಳವೆ ಇಲ್ಲ. ಎರಡನೇ ವಾರದಿಂದಲೇ ಬೆಳಗಿನವರೆಗೆ ಬಾಯಲ್ಲೇ ಇರುತ್ತಿತ್ತು. ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿದಾಗ ಎಎಚ್‌ಐ 11, ಆಮ್ಲಜನಕ 86ಕ್ಕಿಂತ ಕೆಳಗೆ ಹೋಗಿರಲಿಲ್ಲ. ಮಾಸ್ಕಿನಷ್ಟು ಚೆನ್ನಾಗಿಲ್ಲ, ನಿಜ. ಆದರೆ 11 ಅನ್ನುವುದು ಇಡೀ ರಾತ್ರಿಯ ಲೆಕ್ಕ, ಆ 3 ಅರ್ಧ ರಾತ್ರಿಯದು. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲೂ ಹೀಗೇ ಆಗಿದೆ. ಮಾಸ್ಕ್ ಸಂಖ್ಯೆಯನ್ನು ಜಾಸ್ತಿ ಇಳಿಸುತ್ತದೆ, ಮೌತ್‌ಪೀಸನ್ನು ಜನ ಜಾಸ್ತಿ ಹೊತ್ತು ಹಾಕಿಕೊಳ್ಳುತ್ತಾರೆ, ಬಿಪಿ ವಿಷಯದಲ್ಲಿ ಕೊನೆಗೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ತೊಂದರೆ ಬೇರೆ ಕಡೆ ಇದೆ. ದವಡೆ ನೋಯುತ್ತದೆ, ಬೆಳಗ್ಗೆ ಒಂದು ಗಂಟೆ ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂರುವುದಿಲ್ಲ. ವರ್ಷಗಳಲ್ಲಿ ಹಲ್ಲುಗಳು ಜಾಗ ಬಿಟ್ಟು ಸರಿಯಬಹುದು, ಅದು ವಾಪಸ್ ಬರದೆಯೂ ಇರಬಹುದು.

ಮಗ್ಗುಲಾಗಿ ಮಲಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಾತ ಮಲಗಿದಾಗ ನನ್ನ ಎಎಚ್‌ಐ 44, ಮಗ್ಗುಲಾದಾಗ 13. ವ್ಯತ್ಯಾಸ ದೊಡ್ಡದು, ಆದರೆ ರಾತ್ರಿಯೆಲ್ಲ ಹಾಗೇ ಇರುತ್ತೇವೆ ಅನ್ನುವ ಖಾತ್ರಿ ಇಲ್ಲ. ಕಾಯಿಲೆ ಹಗುರಾಗಿದ್ದವರಿಗೆ ಇದಷ್ಟೇ ಸಾಕಾಗಬಹುದು, ನನಗೆ ಸಾಲಲಿಲ್ಲ.

ಈಗ ಮತ್ತೆ ಸಿಪ್ಯಾಪ್‌ಗೆ ಬಂದಿದ್ದೇನೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬಿಟ್ಟು, ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕದನ್ನು ತಗೊಂಡೆ, ಗಂಟಲು ಒಣಗದ ಹಾಗೆ ತೇವದ ಸೆಟ್ಟಿಂಗ್ ಏರಿಸಿದೆ. ರಾತ್ರಿಗೆ ಆರೂವರೆ ಗಂಟೆ ನಿಲ್ಲುತ್ತಿದೆ. ಪ್ರಯಾಣದಲ್ಲಿ ಮೌತ್‌ಪೀಸ್. ಬಿಪಿ 134/84 ಆಗಿದೆ. ಪೂರ್ತಿ ಶ್ರೇಯಸ್ಸು ಮಾಸ್ಕಿಗೇ ಕೊಡಲಾರೆ, ಯಾಕಂದ್ರೆ ಅದರಿಂದ ಸರಾಸರಿ ಇಳಿಯುವುದು 2-3 ಅಂಕ ಮಾತ್ರ, ಈ ನಡುವೆ ನಾನು 6 ಕೆಜಿ ತೂಕವನ್ನೂ ಇಳಿಸಿದ್ದೇನೆ.

ನೀವು ಸಿಪ್ಯಾಪ್ ಬಳಸುತ್ತಿದ್ದರೆ ಇವತ್ತೇ ಆ್ಯಪ್ ತೆಗೆದು, ಎಎಚ್‌ಐ ನೋಡುವ ಮೊದಲು ಎಷ್ಟು ಗಂಟೆ ಹಾಕಿದ್ದೀರಿ ಅನ್ನುವುದನ್ನು ನೋಡಿ. ಮೌತ್‌ಪೀಸ್ ಆದರೆ ಅದನ್ನು ಹಾಕಿಕೊಂಡೇ ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸಿ. ಗೊರಕೆ ನಿಂತರೂ ಆಪ್ನಿಯಾ ಉಳಿದಿರಬಹುದು.