ಎಲೆಯ ಕೆಲಸವೋ, ಮರದ ಕೆಲಸವೋ?

ಪ್ರಕೃತಿಯ ಜೊತೆ ಸೇರಿ ಕಲೆ ಮಾಡುವ ಆಸೆಯೇ? ಈ ಎರಡು ದಾರಿ ನೋಡಿ.

ಸ್ಕಾಟ್‌ಲೆಂಡಿನಲ್ಲಿ ನೆಲೆಸಿರುವ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಎಲೆಗಳನ್ನು ಮುಳ್ಳು ಚುಚ್ಚಿ ಜೋಡಿಸುತ್ತಾರೆ. ಜೋರು ಗಾಳಿ ಬಂದರೆ ಮುಗಿಯಿತು, ಉಳಿಯುವುದು ಫೋಟೋ ಮಾತ್ರ. ಖರ್ಚಿಲ್ಲ, ಒಬ್ಬರೇ ಸಾಕು. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ ಹಾದಿ ಬೇರೆ. 1982ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ 7000 ಮರ ನೆಡುವ ಕೆಲಸ ಶುರು ಮಾಡಿದರು. ಪ್ರತಿ ಸಸಿಯ ಪಕ್ಕ ಒಂದು ಬಸಾಲ್ಟ್ ಕಲ್ಲು. ಕಲ್ಲು ಹಾಗೇ ನಿಂತಿರುತ್ತದೆ, ಮರ ಅದನ್ನು ಮೀರಿ ಬೆಳೆಯುತ್ತದೆ. ಎಷ್ಟು ಚೆಂದ ಅಲ್ವಾ! ಬಾಯ್ಸ್ 1986ರಲ್ಲಿ ತೀರಿಕೊಂಡರು; ಕೊನೆಯ ಮರ ನೆಟ್ಟಿದ್ದು 1987ರಲ್ಲಿ. ಇದಕ್ಕೆ ಹಣ, ಜಾಗ, ಊರಿನ ಜನ ಎಲ್ಲಾ ಬೇಕು.

ನನ್ನನ್ನು ಕೇಳಿದರೆ, ಮೊದಲು ಎಲೆ ಹಿಡಿಯಿರಿ. ಒಂದು ವರ್ಷ ಹಾಗೆ ಕೂತರೆ ನಿಮ್ಮ ಜಾಗದ ಗಾಳಿ, ನೆರಳು, ನೀರು ಗೊತ್ತಾಗುತ್ತದೆ. ಸಸಿ ಎಲ್ಲಿ ನೆಡಬೇಕು ಅನ್ನುವುದೂ.